ಎರಡನೆಯ ಹೆರಿಗೆ ಮತ್ತು ಮೊದಲ ಮಗುವಿನ ಮನಸ್ಸು

ತಾಯಿಯು ಎರಡನೆಯ ಹೆರಿಗೆಗೆಂದು ಆಸ್ಪತ್ರೆಗೆ ಹೊರಡುವಾಗ, ಮೊದಲ ಮಗು ಅತ್ತು ರಂಪ ಮಾಡೀತೆಂಬ ಅಂಜಿಕೆಯಿಂದ ಅದು ನಿದ್ರಿಸುತ್ತಿರುವಾಗಲೇ ಸದ್ದಿಲ್ಲದೆ ಹೊರಟುಹೋಗುವುದುಂಟು. ಇದರ ಹಿಂದಿರುವುದು ಪ್ರೀತಿಯೇ. ಆದರೆ ಮಗು ನಿಮ್ಮ ಉದ್ದೇಶವನ್ನು ಕಾಣಲಾರದು. ನಡತೆಯನ್ನು ಮಾತ್ರ ಕಾಣುತ್ತದೆ. ಎಚ್ಚರಗೊಂಡಾಗ ಅದಕ್ಕೆ ತೋರುವುದಿಷ್ಟೇ: "ನಾನು ಮಲಗಿದರೆ ಅಮ್ಮ ಇಲ್ಲವಾಗುತ್ತಾಳೆ." ಅಂದಿನಿಂದ ಅದು ಮಲಗಲು ಹೆದರಬಹುದು, ಸೆರಗು ಬಿಡದಿರಬಹುದು.

ಎರಡು ವರ್ಷದ ಮಗುವಿಗೆ "ಮೂರು ದಿನ" ಎಂಬ ಕಾಲದ ಅಳತೆ ತಿಳಿಯದು. ಮೇಲಾಗಿ, ಮನೆಯಲ್ಲಿ ನಡೆಯುವುದಕ್ಕೆಲ್ಲ ತಾನೇ ಕಾರಣವೆಂದು ತಿಳಿಯುವುದು ಎಳೆಯ ವಯಸ್ಸಿನ ಸ್ವಭಾವ. "ಹಠ ಮಾಡಿದೆ, ಅದಕ್ಕೇ ಅಮ್ಮ ಹೋದಳು" ಎಂದು ಅದು ಭಾವಿಸಬಹುದು. "ನಿನ್ನನ್ನು ತವುಡು ಕೊಟ್ಟು ತಂದದ್ದು", "ಪಾಪು ಬಂದ ಮೇಲೆ ನಿನ್ನನ್ನು ಕೇಳುವವರಾರು?" ಎಂಬ ಹಾಸ್ಯವೂ ಅದಕ್ಕೆ ನಿಜವೇ ಆಗಿರುತ್ತದೆ.

1952ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಶಸ್ತ್ರಚಿಕಿತ್ಸೆಗಾಗಿ 8 ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಬಾಲಕಿಯೊಬ್ಬಳ ಚಲನಚಿತ್ರವನ್ನು ತೆಗೆದರು. ಆಕೆ ಹೆಚ್ಚು ಅಳಲಿಲ್ಲ. ಆದರೆ ಆಕೆಯ ಮೌನದಲ್ಲಿ ದುಃಖವಿತ್ತು. ಸುಮ್ಮನಿರುವ ಮಗು ನೆಮ್ಮದಿಯಿಂದಿದೆಯೆಂದು ತಿಳಿಯಲಾಗದು.

ಆದುದರಿಂದ ದಂಪತಿಗಳು ಈ ಕೆಳಗಿನ ವಿಷಯಗಳನ್ನು ಗಮನದಲ್ಲಿಡಬೇಕು:

1. ಕೆಲವು ದಿನ ಮೊದಲೇ ಮಗುವಿಗೆ ಸರಳ ಮಾತಿನಲ್ಲಿ ತಿಳಿಸಿರಿ. ಹೊರಡುವಾಗ ಅತ್ತರೂ ಸರಿಯೇ, ಹೇಳಿಯೇ ಹೊರಡಿರಿ. ರಾತ್ರಿ ಹೊರಡಬೇಕಾಗಿ ಬಂದರೆ, ಮಗು ಎದ್ದ ಕೂಡಲೇ ತಂದೆಯಾಗಲಿ ಅಜ್ಜಿಯಾಗಲಿ ನಿಜವನ್ನೇ ಹೇಳಲಿ.

2. ಮಗು ಚೆನ್ನಾಗಿ ಬಲ್ಲವರ ಬಳಿ, ಸಾಧ್ಯವಾದರೆ ತನ್ನ ಮನೆಯಲ್ಲಿಯೇ ಇರಲಿ. ತಾಯಿಯ ಹಳೆಯ ಸೀರೆಯನ್ನು ಹೊದಿಯಲು ಕೊಡಿರಿ.

3. ತಂದೆಯು "ಸಂಜೆ ಬರುತ್ತೇನೆ" ಎಂದರೆ ಸಂಜೆಯೇ ಬರಬೇಕು. ನಡೆಸಲಾಗದ ಮಾತನ್ನು ಕೊಡಬಾರದು.

4. ತಾಯಿ ಮನೆಗೆ ಮರಳಿದಾಗ ಕೂಸನ್ನು ಬೇರೆಯವರ ಕೈಗಿತ್ತು, ಮೊದಲು ಹಿರಿಯ ಮಗುವನ್ನು ಅಪ್ಪಿಕೊಳ್ಳಲಿ. ಮಗು ಮುಖ ತಿರುಗಿಸಬಹುದು, ಹಾಸಿಗೆ ಒದ್ದೆ ಮಾಡಬಹುದು, ಮೊಲೆಹಾಲು ಬೇಡಬಹುದು. ಇದು ಹಠವಲ್ಲ, "ನಾನಿನ್ನೂ ನಿಮಗೆ ಬೇಕೇ?" ಎಂಬ ಪ್ರಶ್ನೆ. ಗದರಿಸಿದರೆ "ಬೇಡ" ಎಂದೇ ಅದಕ್ಕೆ ಕೇಳಿಸುತ್ತದೆ.

ಎರಡು ಹೆರಿಗೆಗಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿರಬೇಕೆಂಬ ಸಲಹೆ ತಾಯಿಯ ರಕ್ತಪುಷ್ಟಿಗೂ ಕೂಸಿನ ತೂಕಕ್ಕೂ ಹಿತಕರ. ಮೊದಲ ಮಗುವಿಗೂ ಇದರಿಂದ ಲಾಭವುಂಟು: ಮೂರು ತುಂಬಿದ ಮಗು "ಅಮ್ಮ ಹೋಗಿ ಬರುತ್ತಾಳೆ" ಎಂಬ ಮಾತನ್ನು ತಿಳಿಯಬಲ್ಲದು. ಹೇಳಿದಂತೆ ನೀವು ಮರಳಿ ಬಂದಾಗ, ಆ ಮಾತನ್ನು ಅದು ನಂಬಲೂ ಕಲಿಯುತ್ತದೆ.