ಎಣಿಸಿ ಕೊಡು, ಎಣಿಸಿ ತಾ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಮೂರನೆಯ ತರಗತಿಯ ಬಾಲಕಿಯೊಬ್ಬಳು ಒಂದು ಮುಂಜಾನೆ ಬಾತ ಕೆನ್ನೆಯೊಂದಿಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತಳು. ಬಳಿಗೆ ಕರೆದು ವಿಚಾರಿಸಿದಾಗ ತಿಳಿದುದಿಷ್ಟು. ಹಿಂದಿನ ಸಂಜೆ ತಂದೆ ಆಕೆಯ ಕೈಗೆ ನೂರು ರೂಪಾಯಿಯ ನೋಟು ಕೊಟ್ಟು ಅಂಗಡಿಗೆ ಕಳುಹಿಸಿದ್ದರು. ಸಕ್ಕರೆ, ಚಹಾಪುಡಿ, ಸಾಬೂನು, ಸಾಸಿವೆ, ಬೆಂಕಿಪೊಟ್ಟಣ ಎಲ್ಲವನ್ನೂ ಆಕೆ ಮರೆಯದೆ ತಂದಳು. ಚಿಲ್ಲರೆಯಾಗಿ 36 ರೂಪಾಯಿಯನ್ನೂ ತಂದಳು. "ಎಷ್ಟಾತು?" ಎಂದು ತಂದೆ ಕೇಳಲು, "ನಲವತ್ತಾರು" ಎಂದಳು. ಹಾಗಿದ್ದಲ್ಲಿ 54 ರೂಪಾಯಿ ಮರಳಬೇಕಲ್ಲವೆ? ಉಳಿದ 18 ರೂಪಾಯಿ ಏನಾಯಿತು? ಬಾಲಕಿಯಲ್ಲಿ ಉತ್ತರವಿರಲಿಲ್ಲ. ಹಗಲೆಲ್ಲ ದುಡಿದು ಬಂದ ತಂದೆಗೆ, ಮಗಳು ತಿಂಡಿಗೆ ಖರ್ಚುಮಾಡಿ ಸುಳ್ಳು ಹೇಳುತ್ತಿರುವಳೆಂದು ತೋರಿತು. ಅವರು ಕೈಯೆತ್ತಿದರು.

ಶಾಲೆ ಬಿಟ್ಟ ಬಳಿಕ ನಾವು ಆಕೆಯನ್ನು ಕರೆದುಕೊಂಡು ಆ ಅಂಗಡಿಗೆ ಹೋದೆವು. ಅಂಗಡಿಯವರಿಗೆ ಎಲ್ಲವೂ ನೆನಪಿತ್ತು. ಸಕ್ಕರೆ 22, ಚಹಾಪುಡಿ 20, ಸಾಬೂನು 10, ಸಾಸಿವೆ 10, ಬೆಂಕಿಪೊಟ್ಟಣ 2. ಒಟ್ಟು 64 ರೂಪಾಯಿ. ಇದನ್ನು ಅವರು ಮರಾಠಿಯಲ್ಲಿ "ಚೌಸಷ್ಟ" ಎಂದು ಹೇಳಿದ್ದರು. ಬಾಲಕಿಯ ಕಿವಿಗೆ ಮೊದಲು ಬಿದ್ದುದು ನಾಲ್ಕು, ಅನಂತರ ಅರವತ್ತು. ಕೇಳಿದ ಕ್ರಮದಲ್ಲಿಯೇ ಆಕೆ ಮನಸ್ಸಿನಲ್ಲಿ ಬರೆದುಕೊಂಡಳು: 4, ಅದರ ಮುಂದೆ 6. ಅಲ್ಲಿ ಕದ್ದವರೂ ಇರಲಿಲ್ಲ, ಮೋಸಮಾಡಿದವರೂ ಇರಲಿಲ್ಲ.

ಆದರೆ ತಪ್ಪಿತಸ್ಥರು ಒಬ್ಬರಿದ್ದರು, ಅವರು ನಾವೇ. ಗಣಿತದಲ್ಲಿ ಆಕೆಗೆ ಒಳ್ಳೆಯ ಅಂಕಗಳನ್ನು ಕೊಟ್ಟವರು ನಾವು. ನೂರರಿಂದ ಅರವತ್ತನಾಲ್ಕನ್ನು ಕಳೆಯೆಂದರೆ ಪಾಟಿಯ ಮೇಲೆ ತಪ್ಪಿಲ್ಲದೆ ಕಳೆಯುತ್ತಿದ್ದಳು. ಆದರೆ ಅಂಗೈಯಲ್ಲಿದ್ದ ಹಣವನ್ನು ಎಣಿಸಿ, ಅದಕ್ಕೆ ಕೊಟ್ಟ ಬೆಲೆಯನ್ನು ಕೂಡಿಸಿ ನೋಡಬೇಕೆಂಬುದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೆ, 46ಕ್ಕೆ 36 ಕೂಡಿದರೆ 82 ಮಾತ್ರ ಆಗುವುದು, ನೂರಾಗುವುದಿಲ್ಲ ಎಂಬುದು ಅಂಗಡಿಯ ಕಟ್ಟೆಯ ಮೇಲೆಯೇ ತಿಳಿಯುತ್ತಿತ್ತು. ಅಂದಿನಿಂದ ನಾವು ಪಾಲಕರ ಸಭೆಯಲ್ಲಿ ತಪ್ಪದೆ ಹೇಳುತ್ತ ಬಂದಿರುವ ಮಾತುಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಗುರುತು, ಆಮೇಲೆ ಲೆಕ್ಕ

ನಾಲ್ಕೈದು ವರ್ಷದ ಮಗುವಿಗೆ ಹಣದ ಲೆಕ್ಕ ಬೇಡ, ಗುರುತು ಸಾಕು. ಮೊರದಲ್ಲಿ ನಾಣ್ಯಗಳನ್ನು ಹರಡಿ, ಒಂದೇ ಬಗೆಯವನ್ನು ಒಂದೆಡೆ ಕೂಡಿಸಲು ಹೇಳಿರಿ. ತಾಯಿ ಜೋಳ ಹಸನುಮಾಡುತ್ತ ಕುಳಿತಾಗ ಪಕ್ಕದಲ್ಲಿ ಮಗು ಈ ಕೆಲಸ ಮಾಡಲಿ. ಇದಕ್ಕಿಂತ ಚಿಕ್ಕ ಮಕ್ಕಳ ಕೈಗೆ ಮಾತ್ರ ನಾಣ್ಯ ಕೊಡಲಾಗದು, ಬಾಯಿಗೆ ಹಾಕಿಕೊಳ್ಳುತ್ತವೆ. ನುಂಗಿದ ಸಂಶಯ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಆಟ ಮುಗಿದ ಮೇಲೆ ಕೈ ತೊಳೆಯುವ ರೂಢಿಯೂ ಇರಲಿ.

ಗುರುತಿಸುವ ಈ ಕೆಲಸ ನಾವು ತಿಳಿದಷ್ಟು ಸುಲಭವಲ್ಲ. ದೊಡ್ಡದಾಗಿರುವುದಕ್ಕೆ ಬೆಲೆಯೂ ಹೆಚ್ಚು ಎಂದೇ ಮಗು ನಂಬುತ್ತದೆ. ನಮ್ಮ ನಾಣ್ಯಗಳು ಈ ನಂಬಿಕೆಯನ್ನು ಆಗಾಗ ಸುಳ್ಳುಮಾಡುತ್ತವೆ. 2011ರ ಮಾಲಿಕೆಯ ಎರಡು ರೂಪಾಯಿಯ ನಾಣ್ಯದ ಅಡ್ಡಳತೆ 25 ಮಿಲಿಮೀಟರ್. ಅದೇ ಮಾಲಿಕೆಯ ಐದು ರೂಪಾಯಿಯದು 23 ಮಿಲಿಮೀಟರ್ ಮಾತ್ರ. 2019ರಲ್ಲಿ ಪ್ರಕಟವಾದ ಹೊಸ ಮಾಲಿಕೆಯಲ್ಲಿ ಬೆಲೆ ಏರಿದಂತೆ ಗಾತ್ರವೂ ಏರುವಂತೆ ಮಾಡಿದರು. ಕಣ್ಣು ಕಾಣದವರಿಗೆ ಅನುಕೂಲವಾಗಲೆಂಬುದು ಅದರ ಉದ್ದೇಶ. ಆದರೆ ಹಳೆಯವೂ ಹೊಸವೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಓಡಾಡುತ್ತಿವೆ. ಆದ್ದರಿಂದ ಗಾತ್ರವನ್ನು ನೆಚ್ಚದೆ ಅಂಕಿಯನ್ನೇ ಓದಲು ಮಗುವಿಗೆ ಹೇಳಿಕೊಡಬೇಕು. ಹತ್ತು ಮತ್ತು ಇಪ್ಪತ್ತರ ನಾಣ್ಯಗಳಲ್ಲಿ ಒಂದು ಸೊಗಸಿದೆ. ಹತ್ತರದಕ್ಕೆ ಹೊರಬಳೆ ಹಳದಿ, ನಡುವೆ ಬಿಳಿ. ಇಪ್ಪತ್ತರದಕ್ಕೆ ಹೊರಬಳೆ ಬಿಳಿ, ನಡುವೆ ಹಳದಿ. ಇಪ್ಪತ್ತರದು ದುಂಡಗಿಲ್ಲ, ಅದಕ್ಕೆ ಹನ್ನೆರಡು ಅಂಚುಗಳು. ಇದನ್ನು ನೀವು ಹೇಳಬೇಡಿರಿ. ಎರಡನ್ನೂ ಮಗುವಿನ ಕೈಗಿತ್ತು, "ಏನು ಬೇರೆ ಇದೆ, ಹುಡುಕು ನೋಡೋಣ" ಎನ್ನಿರಿ. ತಾನೇ ಕಂಡುದನ್ನು ಮಗು ಮರೆಯದು.

ನಾಲ್ಕು ದೊಡ್ಡದೋ, ಐದು ದೊಡ್ಡದೋ?

ಮುಂದಿನದು ನಿಜವಾದ ಮೆಟ್ಟಿಲು. ಒಂದು ಕೈಯಲ್ಲಿ ಒಂದೊಂದು ರೂಪಾಯಿಯ ನಾಲ್ಕು ನಾಣ್ಯಗಳನ್ನು, ಇನ್ನೊಂದರಲ್ಲಿ ಐದು ರೂಪಾಯಿಯ ಒಂದೇ ನಾಣ್ಯವನ್ನು ಹಿಡಿದು, ಯಾವುದು ಬೇಕೆಂದು ಐದು ವರ್ಷದ ಮಗುವನ್ನು ಕೇಳಿರಿ. ಬಹುಮಟ್ಟಿಗೆ ಅದು ನಾಲ್ಕನ್ನೇ ಆರಿಸುತ್ತದೆ. ಇದು ದಡ್ಡತನವಲ್ಲ. ಶಿಕ್ಷಕ ತರಬೇತಿಯ ದಿನಗಳಲ್ಲಿ ನಾವು ಓದಿದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿಕೊಟ್ಟಂತೆ, ಸುಮಾರು ಆರೇಳು ವರ್ಷದವರೆಗೆ ಮಗು ಕಣ್ಣಿಗೆ ಕಂಡುದನ್ನೇ ಅಳತೆಯೆಂದು ತಿಳಿಯುತ್ತದೆ. ಅಷ್ಟೇ ವಸ್ತುಗಳನ್ನು ಬಿಡಿಬಿಡಿಯಾಗಿ ಉದ್ದಕ್ಕೆ ಹರಡಿದರೆ ಹೆಚ್ಚಾದವೆನ್ನುತ್ತದೆ. ಅಂಥ ಮಗುವಿಗೆ ಒಂದೇ ನಾಣ್ಯದೊಳಗೆ ಐದು ಅಡಗಿವೆಯೆಂದು ಬಾಯಿಮಾತಿನಲ್ಲಿ ಒಪ್ಪಿಸಲಾಗದು.

ಹುಣಸೆಬೀಜಗಳು ಈ ಕೆಲಸಕ್ಕೆ ಬಲು ಉಪಯುಕ್ತ. ಒಂದು ರೂಪಾಯಿಯ ಮುಂದೆ ಒಂದು ಬೀಜ, ಎರಡರ ಮುಂದೆ ಎರಡು, ಐದರ ಮುಂದೆ ಐದು, ಹತ್ತರ ಮುಂದೆ ಹತ್ತು ಬೀಜಗಳನ್ನು ಸಾಲಾಗಿ ಇಡಿಸಿರಿ. ನಾಣ್ಯ ಕೊಟ್ಟು ಬೀಜ ಕೊಳ್ಳುವುದು, ಬೀಜ ಕೊಟ್ಟು ನಾಣ್ಯ ಪಡೆಯುವುದು, ಹೀಗೆ ಕೆಲವು ದಿನ ಆಟವಾಡಲಿ. ಆಮೇಲೆ ಬೀಜಗಳನ್ನು ತೆಗೆದಿಟ್ಟು ಬದಲಾವಣೆಯ ಆಟಕ್ಕೆ ಬರಬಹುದು. ಐದು ಒಂದುಗಳಿಗೆ ಒಂದು ಐದು, ಎರಡು ಐದುಗಳಿಗೆ ಒಂದು ಹತ್ತು, ಎರಡು ಹತ್ತುಗಳಿಗೆ ಒಂದು ಇಪ್ಪತ್ತು. ಒಂದು ದಿನ ಮಗು ತಾನಾಗಿ ನಾಲ್ಕನ್ನು ಬಿಟ್ಟು ಐದನ್ನು ಆರಿಸಿಕೊಳ್ಳುವುದು. ಆ ದಿನ ಮನೆಯಲ್ಲಿ ಸಿಹಿ ಮಾಡಿದರೂ ತಪ್ಪಿಲ್ಲ!

ನಾಣ್ಯಗಳ ರಾಶಿಯನ್ನು ಎಣಿಸುವಾಗ ದೊಡ್ಡ ಬೆಲೆಯದರಿಂದ ಆರಂಭಿಸುವ ರೂಢಿ ಮಾಡಿಸಬೇಕು. ಇಪ್ಪತ್ತು, ಹತ್ತು, ಐದು, ಎರಡು, ಒಂದು ಇವೆಯೆನ್ನಿ. ಒಂದೊಂದನ್ನೂ ಮುಂದೆ ಸರಿಸುತ್ತ ಮಗು ಬಾಯಿಬಿಟ್ಟು ಹೇಳಲಿ: "ಇಪ್ಪತ್ತು, ಮೂವತ್ತು, ಮೂವತ್ತೈದು, ಮೂವತ್ತೇಳು, ಮೂವತ್ತೆಂಟು." ಇದಕ್ಕೆ ಹತ್ತತ್ತರ ಮತ್ತು ಐದೈದರ ಎಣಿಕೆ ಮೊದಲೇ ನಾಲಗೆಯ ಮೇಲಿರಬೇಕು. ಮಕ್ಕಳನ್ನು ಸ್ನಾನ ಮಾಡಿಸುವಾಗ, ಹೊಲಕ್ಕೆ ನಡೆದು ಹೋಗುವಾಗ ಹೇಳಿಸಿದರೆ ಸಾಕು.

ನೋಟಿನ ಮೇಲೆ ನಮ್ಮ ನುಡಿ

ಗಡಿಯಾಚೆ ಬಾಳುವ ನಮ್ಮ ಮಕ್ಕಳಿಗೆ ನೋಟುಗಳಲ್ಲಿ ವಿಶೇಷವಾದ ಒಂದು ಪಾಠವಿದೆ. ಪ್ರತಿಯೊಂದು ನೋಟಿನ ಹಿಂಬದಿಯಲ್ಲಿ ಅದರ ಬೆಲೆಯನ್ನು ಹದಿನೈದು ಭಾಷೆಗಳಲ್ಲಿ ಒಂದರ ಕೆಳಗೊಂದು ಮುದ್ರಿಸಿರುತ್ತಾರೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ, ಎಂಟನೆಯದು ಮರಾಠಿ. ಓದಲು ಕಲಿಯುತ್ತಿರುವ ಮಗು ಆ ಸಣ್ಣ ಅಕ್ಷರಗಳಲ್ಲಿ "ಐವತ್ತು ರೂಪಾಯಿಗಳು" ಎಂಬುದನ್ನು ತಾನೇ ಹುಡುಕಿ ಓದಿದಾಗ ಅದರ ಮುಖದಲ್ಲಿ ಕಾಣುವ ಬೆಳಕನ್ನು ನಾವು ಹಲವು ಸಲ ಕಂಡಿದ್ದೇವೆ. ಮನೆಯಲ್ಲಿ ಆಡುವ ಮಾತು ದೇಶದ ಹಣದ ಮೇಲೆಯೂ ಇದೆ ಎಂಬ ತಿಳಿವು ಸಣ್ಣದಲ್ಲ.

ಹೊಸ ನೋಟುಗಳ ಚಿತ್ರಗಳೂ ನೆನಪಿಗೆ ನೆರವಾಗುತ್ತವೆ. ಹತ್ತರ ಮೇಲೆ ಕೋನಾರ್ಕದ ಸೂರ್ಯದೇವಾಲಯ, ಇಪ್ಪತ್ತರ ಮೇಲೆ ವೇರೂಳದ ಗುಹೆಗಳು, ಐವತ್ತರ ಮೇಲೆ ಹಂಪಿಯ ಕಲ್ಲಿನ ರಥ, ನೂರರ ಮೇಲೆ ಗುಜರಾತಿನ ರಾಣಿಯ ಬಾವಿ, ಇನ್ನೂರರ ಮೇಲೆ ಸಾಂಚಿಯ ಸ್ತೂಪ, ಐನೂರರ ಮೇಲೆ ದಿಲ್ಲಿಯ ಕೆಂಪುಕೋಟೆ. ಅಕ್ಕಲಕೋಟೆ, ಜತ್ತಗಳ ಮಗುವಿಗೆ ಇಪ್ಪತ್ತರ ನೋಟು ತಾನಿರುವ ರಾಜ್ಯದ್ದು, ಐವತ್ತರದು ತನ್ನ ನುಡಿಯ ನಾಡಿನದು. ಎರಡೂ ಒಂದೇ ಕಿಸೆಯಲ್ಲಿರುತ್ತವೆ.

ಒಂದು ಅಂಕಿ, ಎರಡು ಮಾತು

ಇನ್ನು ಆ ಬಾಲಕಿಯ ಕೆನ್ನೆಗೆ ಪೆಟ್ಟು ತಂದ ವಿಷಯಕ್ಕೆ ಬರೋಣ. ಕನ್ನಡದಲ್ಲಿ "ಅರವತ್ತನಾಲ್ಕು" ಎನ್ನುವಾಗ ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಬಿಡಿ ಮೊದಲು. ಪಂಚವೀಸ ಎಂದರೆ ಐದು ಮತ್ತು ಇಪ್ಪತ್ತು. ಒಂಬತ್ತು ಬರುವಲ್ಲಿ ಇನ್ನೊಂದು ತೊಡಕು. 39 ಎಂಬುದು ಏಕೋಣಚಾಳೀಸ, ಅಂದರೆ ನಲವತ್ತಕ್ಕೆ ಒಂದು ಕಡಮೆ. ಮರಾಠಿ ಮನೆಮಾತಿನ ಮಕ್ಕಳಿಗೇ ಇದು ಕಷ್ಟವೆಂದು 2019ರಲ್ಲಿ ಮಹಾರಾಷ್ಟ್ರದ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ "ವೀಸ ಏಕ" ಎಂಬಂತೆ ಹತ್ತನ್ನು ಮೊದಲು ಹೇಳುವ ರೀತಿಯನ್ನೂ ಸೇರಿಸಿದರು. ಆ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಚರ್ಚೆ ಏನೇ ಇರಲಿ, ಬಜಾರದಲ್ಲಿ ನಡೆಯುವುದು ಹಳೆಯ ಮಾತೇ. ಅಲ್ಲಿ ಸವ್ವಾಶೇ ಎಂದರೆ 125, ದೀಡಶೇ ಎಂದರೆ 150, ಅಡೀಚಶೇ ಎಂದರೆ 250.

ಬೇರೆ ಗಡಿಗಳ ಬಂಧುಗಳಿಗೂ ಇಂಥ ತೊಡಕುಗಳುಂಟು. ಕಾಸರಗೋಡಿನಲ್ಲಿ ಮಲಯಾಳದ, ತಾಳವಾಡಿಯಲ್ಲಿ ತಮಿಳಿನ ತೊಂಬತ್ತು "ತೊಣ್ಣೂರು" ಎಂಬಂತೆ ಕೇಳಿಸುತ್ತದೆ, ಅದರೊಳಗೆ ಕನ್ನಡದ ಮಗುವಿಗೆ ನೂರು ಕೇಳಿಸಿಬಿಡುತ್ತದೆ.

ಇದಕ್ಕೆ ಪರಿಹಾರ ಒಂದೇ. ಮೊದಲು ಮನೆಮಾತಿನಲ್ಲಿ ಎಣಿಕೆ ಗಟ್ಟಿಯಾಗಲಿ. ಆಮೇಲೆ ತಂದೆಯೋ ಅಣ್ಣನೋ ಅಂಗಡಿಯವರ ಭಾಷೆಯಲ್ಲಿ ಬೆಲೆ ಹೇಳಲಿ; ಮಗು ಬಾಯಿಂದ ಉತ್ತರಿಸದೆ ಅಷ್ಟು ಹಣವನ್ನು ಎಣಿಸಿ ಮುಂದಿಡಲಿ. "ಚೌಸಷ್ಟ" ಎಂದಾಗ ಮಗು ಆರು ಹತ್ತರ ನೋಟುಗಳನ್ನೂ ಎರಡು ಎರಡರ ನಾಣ್ಯಗಳನ್ನೂ ಇಟ್ಟರೆ ಅದಕ್ಕೆ ತಿಳಿದಿದೆಯೆಂದು ಅರ್ಥ. ಇಷ್ಟಾಗಿಯೂ ಅಂಗಡಿಯಲ್ಲಿ ಅನುಮಾನ ಬಂದರೆ, ಬೆಲೆಯನ್ನು ಚೀಟಿಯಲ್ಲಿ ಬರೆದು ಕೊಡಿರೆಂದು ಕೇಳಲು ಮಗುವಿಗೆ ಹೇಳಿಕೊಡಿರಿ. ಕೇಳುವುದರಲ್ಲಿ ಅವಮಾನವಿಲ್ಲ.

ಚಿಲ್ಲರೆಯ ಗುಟ್ಟು

ಚಿಲ್ಲರೆ ಎಣಿಸಲು ಕಳೆಯುವ ಲೆಕ್ಕ ಬೇಕಿಲ್ಲ. ಸಂತೆಯಲ್ಲಿ ಕಾಯಿಪಲ್ಯ ಮಾರುವ ಅಜ್ಜಿಯನ್ನು ಗಮನಿಸಿರಿ. ಆಕೆ ಪಾಟಿ ಹಿಡಿದವಳಲ್ಲ, ಆದರೂ ತಪ್ಪುವುದಿಲ್ಲ. ಬೆಲೆಯಿಂದ ಮೇಲಕ್ಕೆ ಏರುತ್ತ ಎಣಿಸುತ್ತಾಳೆ. 64ರ ಸಾಮಾನಿಗೆ ನೂರು ಕೊಟ್ಟರೆ, ಒಂದು ರೂಪಾಯಿ ಇಟ್ಟು "ಅರವತ್ತೈದು", ಐದು ಇಟ್ಟು "ಎಪ್ಪತ್ತು", ಮೂರು ಹತ್ತುಗಳನ್ನಿಟ್ಟು "ಎಂಬತ್ತು, ತೊಂಬತ್ತು, ನೂರು". ಕೈಯಲ್ಲಿ ಉಳಿದುದೇ 36. ಶಾಲೆಯಲ್ಲಿ ಕಳೆಯುವ ಲೆಕ್ಕ ಕಲಿಯುವ ಮೊದಲೇ ಮಗು ಇದನ್ನು ಕಲಿಯಬಲ್ಲದು.

ಅಡುಗೆಮನೆಯಲ್ಲಿಯೇ ಅಂಗಡಿ ತೆರೆಯಿರಿ. ಬದನೆಕಾಯಿಗೆ ಹತ್ತು, ಉಳ್ಳಾಗಡ್ಡಿಗೆ ಐದು, ಶೇಂಗಾದ ಹಿಡಿಗೆ ಎರಡು ಎಂದು ಚೀಟಿ ಹಚ್ಚಿರಿ. ಮೊದಲು ಸರಿಯಾದ ಹಣ ಕೊಟ್ಟು ಕೊಳ್ಳುವುದು, ಆಮೇಲೆ ದೊಡ್ಡ ನೋಟು ಕೊಟ್ಟು ಚಿಲ್ಲರೆ ಪಡೆಯುವುದು. ಒಮ್ಮೊಮ್ಮೆ ನೀವೇ ಬೇಕೆಂದು ಚಿಲ್ಲರೆಯನ್ನು ಕಡಮೆ ಕೊಡಿರಿ, ಒಮ್ಮೊಮ್ಮೆ ಹೆಚ್ಚು ಕೊಡಿರಿ. ಕಡಮೆಯಾದುದನ್ನು ಕೇಳಿ ಪಡೆಯುವುದು ಎಷ್ಟು ಮುಖ್ಯವೋ ಹೆಚ್ಚಾದುದನ್ನು ಮರಳಿಸುವುದೂ ಅಷ್ಟೇ ಮುಖ್ಯ. ಲೆಕ್ಕದೊಂದಿಗೆ ಪ್ರಾಮಾಣಿಕತೆಯ ಪಾಠವೂ ಆಗುತ್ತದೆ.

ಅನಂತರ ನಿಜವಾದ ಅಂಗಡಿ. ಮೊದಲ ಕೆಲವು ಸಲ ನೀವೂ ಜೊತೆಗೆ ಹೋಗಿ ಹಿಂದೆ ನಿಲ್ಲಿರಿ. ಒಂದೇ ಸಾಮಾನು, ಸಣ್ಣ ಮೊತ್ತ ಇರಲಿ. ಮಗು ಎಣಿಸುವಷ್ಟು ಹೊತ್ತು ಅಂಗಡಿಯವರೂ ಹಿಂದೆ ನಿಂತವರೂ ತಾಳಿಕೊಳ್ಳಲಿ.

ಫೋನು ಬಂದ ಮೇಲೆ

ಫೋನಿನಿಂದ ಹಣ ಕೊಡುವ ಕಾಲದಲ್ಲಿ ಇದೆಲ್ಲ ಏಕೆಂದು ಕೇಳುವವರುಂಟು. 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಹಳ್ಳಿಯ ಚಹಾದಂಗಡಿಯಲ್ಲಿಯೂ ಚೌಕದ ಚಿತ್ರ ನೇತಾಡುತ್ತಿದೆ ನಿಜ. ನಮ್ಮ ಬಾಲ್ಯದಲ್ಲಿ ತಂದೆ ಹಣ ಎಣಿಸುವುದನ್ನು ನೋಡಿಯೇ ಅರ್ಧ ಕಲಿತಿದ್ದೆವು. ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು 1957ರಲ್ಲಿ ದಶಮಾಂಶ ನಾಣ್ಯ ಬಂದ ಮೇಲೆಯೂ ಅಜ್ಜಂದಿರ ಬಾಯಲ್ಲಿ ಉಳಿದಿದ್ದವು. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಯಿತು. ಇಂದಿನ ಮಗು ಕಾಣುವುದು ಫೋನಿನ ಮೇಲೆ ಬೆರಳಾಡುವುದನ್ನು ಮಾತ್ರ. ಹಣ ಕೈಯಿಂದ ಹೋದುದೇ ಅದಕ್ಕೆ ತಿಳಿಯದು. ಕಣ್ಣಿಗೆ ಕಾಣದ ಹಣವನ್ನು ಮುಂದೆ ಆಳಬೇಕಾದ ಮಗು ಕಾಣುವ ಹಣವನ್ನು ಮೊದಲು ಮುಟ್ಟಿ ಎಣಿಸಿರಬೇಕು. ಆದ್ದರಿಂದ ಮನೆಯ ಡಬ್ಬಿಯಲ್ಲಿ ಸ್ವಲ್ಪ ಚಿಲ್ಲರೆ ಸದಾ ಇರಲಿ.

ಕೊನೆಯದಾಗಿ ಒಂದು ಮಾತು. ಲೆಕ್ಕ ತಪ್ಪಿದ ಮಗುವನ್ನು ಕಳ್ಳನೆನ್ನಬೇಡಿರಿ. "ಬಾ, ಇಬ್ಬರೂ ಕೂಡಿ ಎಣಿಸೋಣ" ಎನ್ನಿರಿ. ತಪ್ಪು ಎಲ್ಲಿದೆಯೋ ಆಗ ತಾನೇ ಹೊರಬರುತ್ತದೆ. ಪೆಟ್ಟು ತಿಂದ ಮಗು ಮುಂದಿನ ಸಲ ತಪ್ಪನ್ನು ಬಚ್ಚಿಡಲು ಕಲಿಯುತ್ತದೆ, ಎಣಿಸಲು ಅಲ್ಲ.

ಅಂದು ಅಂಗಡಿಯಿಂದ ನಾವು ನೇರವಾಗಿ ಆ ಬಾಲಕಿಯ ಮನೆಗೆ ಹೋಗಿ ತಂದೆಗೆ ಎಲ್ಲವನ್ನೂ ವಿವರಿಸಿದೆವು. ತಪ್ಪು ಶಾಲೆಯದೆಂದೂ ಹೇಳಿದೆವು. ಅವರು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತರು. ಆಮೇಲೆ ಅಂಗಿಯ ಕಿಸೆಯಿಂದ ಅಂದಿನ ಕೂಲಿಯ ಹಣವನ್ನೆಲ್ಲ ತೆಗೆದು ಮಗಳ ಮುಂದೆ ಇಟ್ಟು, "ಎಣಿಸವ್ವಾ, ಎಷ್ಟೈತಿ ಹೇಳು" ಎಂದರು. ಆಕೆ ಎರಡು ಸಲ ಎಣಿಸಿ ಹೇಳಿದಳು. ಲೆಕ್ಕ ಸರಿಯಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಪ್ರತಿ ಸಂಜೆ ಕೂಲಿಯ ಹಣವನ್ನು ಎಣಿಸುವವಳು ಅವಳೇ ಆದಳು.