ಚಾರಿತ್ರಿಕ ನಾಟಕದಲ್ಲಿ ಕೇಶರಚನೆ: ವಿಕ್ಟೋರಿಯಾ ಕಾಲದ ಮೂರು ಸ್ತ್ರೀಪಾತ್ರಗಳು

ಚಾರಿತ್ರಿಕ ನಾಟಕವನ್ನು ರಂಗಕ್ಕೆ ತರುವವರು ಮಾತು, ಉಡುಗೆ, ಒಡವೆ, ಪರದೆಗಳ ವಿಷಯದಲ್ಲಿ ವಹಿಸುವ ಎಚ್ಚರವನ್ನು ತಲೆಗೂದಲಿನ ವಿಷಯದಲ್ಲಿ ಸಾಮಾನ್ಯವಾಗಿ ವಹಿಸುವುದಿಲ್ಲ. ಬಾಡಿಗೆಗೆ ದೊರೆತ ಟೋಪನ್ ಒಂದನ್ನು ತಲೆಗೇರಿಸಿದರೆ ಪಾತ್ರ ಸಿದ್ಧವಾಯಿತೆಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ಕೂದಲು ಕೇವಲ ಅಲಂಕಾರವಲ್ಲ. ವ್ಯಕ್ತಿಯ ವಯಸ್ಸು, ಜಾತಿ, ಸೌಮಾಂಗಲ್ಯ ಅಥವಾ ವೈಧವ್ಯ, ದುಡಿಮೆ, ಬಿಡುವು, ಹೊಟ್ಟೆಯ ಸ್ಥಿತಿ ಇವೆಲ್ಲವೂ ಅದರಲ್ಲಿ ಬರೆದಂತಿರುತ್ತವೆ. ಈ ಬರಹವನ್ನು ಓದುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉದಾಹರಣೆಗಾಗಿ ನಾವು ಒಂದು ಕಲ್ಪಿತ ನಾಟಕವನ್ನು ತೆಗೆದುಕೊಳ್ಳೋಣ. ಸ್ಥಳ, ದೇವನಹಳ್ಳಿ ಸೀಮೆಯ ಚನ್ನರಾಯಪಟ್ಟಣ. ಕಾಲ, 1877ನೆಯ ಇಸವಿ. ವಿಕ್ಟೋರಿಯಾ ರಾಣಿಯ ಆಳ್ವಿಕೆ (1837–1901) ನಡೆಯುತ್ತಿದ್ದ ಕಾಲ. ಮೈಸೂರು ಇನ್ನೂ ಕಮೀಷನರ ಆಡಳಿತದಲ್ಲಿತ್ತು. ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ಕರೆದ ಮಹಾಕ್ಷಾಮ (1876–78) ಆಗ ನಾಡನ್ನು ಕವಿದಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂಬುದರಿಂದಲೇ ಅದರ ಘೋರತೆಯನ್ನು ಊಹಿಸಬಹುದು. ನಾಟಕದಲ್ಲಿ ಮೂವರು ಸ್ತ್ರೀಯರಿದ್ದಾರೆ: ಬೆಂಗಳೂರು ದಂಡಿನಿಂದ ಬಂದ ಆಂಗ್ಲ ಅಧಿಕಾರಿಯ ಪತ್ನಿ, ಒಬ್ಬ ಒಕ್ಕಲಗಿತ್ತಿ, ಶಾನುಭೋಗರ ಮನೆಯ ವಿಧವೆ.

ಮೊದಲು ಆಂಗ್ಲ ಸ್ತ್ರೀಯ ಪಾತ್ರ. ‘ವಿಕ್ಟೋರಿಯಾ ಕಾಲದ ಕೇಶರಚನೆ’ ಎಂಬ ಒಂದೇ ವಸ್ತು ಇರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. 1840ರ ದಶಕದಲ್ಲಿ ನಡುಬೈತಲೆ ತೆಗೆದು, ಕೂದಲನ್ನು ಕಿವಿಯ ಮೇಲೆ ನುಣುಪಾಗಿ ಇಳಿಸಿ, ಹಿಂದೆ ಗಂಟು ಹಾಕುತ್ತಿದ್ದರು. ಕೆನ್ನೆಯ ಪಕ್ಕದಲ್ಲಿ ಸುರುಳಿಗಳನ್ನು ಬಿಡುವುದೂ ಉಂಟು. 1860ರ ದಶಕದಲ್ಲಿ ಕತ್ತಿನ ಬಳಿಯ ತಗ್ಗು ತುರುಬನ್ನು ಬಲೆಯಲ್ಲಿ ಕಟ್ಟುವುದು ರೂಢಿಯಾಯಿತು. 1870ರ ದಶಕದಲ್ಲಿ ಭಾರವೆಲ್ಲ ನೆತ್ತಿಗೇರಿ, ಅಲ್ಲಿಂದ ಜಡೆಗಳೂ ಸುರುಳಿಗಳೂ ಬೆನ್ನಿಗೆ ಇಳಿದವು. 1880ರ ದಶಕದಲ್ಲಿ ತುರುಬು ಚಿಕ್ಕದಾಗಿ, ಹಣೆಯ ಮೇಲೆ ಗುಂಗುರು ಮುಂಗುರುಳು ಬಂದಿತು. 1890ರ ದಶಕದಲ್ಲಿ ಕೂದಲು ಮುಖದ ಸುತ್ತ ಉಬ್ಬಿ ನಿಂತಿತು. ಆದುದರಿಂದ 1877ರ ಪಾತ್ರಕ್ಕೆ 1840ರ ಸುರುಳಿಗಳನ್ನು ತೊಡಿಸುವುದು, ಮುಮ್ಮಡಿ ಕೃಷ್ಣರಾಜರ ಕಾಲದ ಉಡುಗೆಯಲ್ಲಿ ನಾಲ್ವಡಿಯವರನ್ನು ತೋರಿಸಿದಂತಾಗುತ್ತದೆ.

1870ರ ದಶಕದ ಆ ಎತ್ತರದ ರಚನೆ ಒಬ್ಬಳ ಸ್ವಂತ ಕೂದಲಿನಿಂದ ಸಾಧ್ಯವಾಗುತ್ತಿದ್ದುದು ಅಪರೂಪ. ನಮ್ಮಲ್ಲಿ ಚೌರಿ ಸೇರಿಸುವಂತೆ ಅಲ್ಲಿಯೂ ಕೃತಕ ಜಡೆಗಳನ್ನು ಸೇರಿಸುತ್ತಿದ್ದರು. ಬಾಚುವಾಗ ಉದುರಿದ ಕೂದಲನ್ನು ಕೂಡಿಟ್ಟು ಒಳಗೆ ತುಂಬುವ ಉಂಡೆಗಳನ್ನು ಮಾಡಿಕೊಳ್ಳುವುದೂ ಇತ್ತು. ಮಾರುಕಟ್ಟೆಯ ಕೂದಲು ಬರುತ್ತಿದ್ದುದು ಬಡವರ ತಲೆಗಳಿಂದ. ಫ್ರಾನ್ಸಿನ ಬ್ರಿಟನಿ ಪ್ರಾಂತದ ರೈತ ಹೆಂಗಸರು ಜಾತ್ರೆಗಳಲ್ಲಿ ತಮ್ಮ ಕೂದಲನ್ನು ಕತ್ತರಿಸಿ ಕೊಡುತ್ತಿದ್ದರು. ಹೀಗೆ ಸಿರಿವಂತೆಯ ತಲೆಯ ಮೇಲಿನ ಭಾರ ಮತ್ತೊಬ್ಬಳ ಬಡತನದ ಗುರುತಾಗಿತ್ತು. ನಮ್ಮ ಪಾತ್ರವಾದರೋ ಲಂಡನ್ನಿನಿಂದ ಬಹುದೂರದಲ್ಲಿರುವವಳು. ಹೊಸ ಮಾದರಿಯ ಚಿತ್ರಗಳು ಹಡಗಿನ ಅಂಚೆಯಲ್ಲಿ ಬರಬೇಕು. ಬಿಸಿಲು ಸುರುಳಿಗಳನ್ನು ನಿಲ್ಲಗೊಡದು. ತಲೆ ಬಾಚುವವಳು ಮನೆಯ ಆಯಾ. ಆದಕಾರಣ ಒಂದೆರಡು ವರ್ಷ ಹಿಂದಿನ, ಸ್ವಲ್ಪ ಸರಳಗೊಳಿಸಿದ ರಚನೆಯೇ ಇವಳಿಗೆ ಹೆಚ್ಚು ಸಹಜವೆಂದು ನಮ್ಮ ಅಭಿಪ್ರಾಯ.

ಎರಡನೆಯದು ಒಕ್ಕಲಗಿತ್ತಿಯ ಪಾತ್ರ. ನಮ್ಮ ರಂಗಭೂಮಿಯಲ್ಲಿ ಹಳ್ಳಿಯ ಹೆಣ್ಣೆಂದರೆ ನೀಳವಾದ ಜಡೆ, ತುಂಬ ಹೂವು ಎಂಬ ಕಲ್ಪನೆ ಬೇರೂರಿದೆ. ಇದಕ್ಕೆ ರವಿವರ್ಮನ (1848–1906) ಚಿತ್ರಗಳ ಪ್ರಭಾವವೂ ಒಂದು ಕಾರಣವಿರಬಹುದು. ಆ ಚಿತ್ರಗಳು ಸೌಂದರ್ಯದ ಆದರ್ಶಕ್ಕೆ ಸಾಕ್ಷಿಯೇ ಹೊರತು ದಿನಬಳಕೆಗೆ ಸಾಕ್ಷಿಯಲ್ಲ. ಮೊಗ್ಗಿನ ಜಡೆ, ಜಡೆಬಿಲ್ಲೆ, ರಾಗಟೆ, ಕುಚ್ಚುಗಳು ಮದುವೆ ಸೀಮಂತಗಳ ಅಲಂಕಾರ. ಹೊಲದಲ್ಲಿ ದುಡಿಯುವವಳು ಎಣ್ಣೆ ಹಚ್ಚಿ, ಬೈತಲೆ ತೆಗೆದು, ಕೂದಲನ್ನು ಹಿಂದಕ್ಕೆ ಎಳೆದು ಕತ್ತಿನ ಬಳಿ ತುರುಬು ಕಟ್ಟುತ್ತಾಳೆ. ಈ ತುರುಬು ತಗ್ಗಿನಲ್ಲಿರುವುದಕ್ಕೆ ಕಾರಣವುಂಟು: ತಲೆಯ ಮೇಲೆ ಸಿಂಬೆಯಿಟ್ಟು ನೀರಿನ ಕೊಡವನ್ನೋ ಹುಲ್ಲಿನ ಹೊರೆಯನ್ನೋ ಹೊರುವವಳಿಗೆ ನೆತ್ತಿ ಬರಿದಾಗಿರಬೇಕು. ಮೇಲಿನ ಆಂಗ್ಲ ಸ್ತ್ರೀಯ ನೆತ್ತಿಯ ತುರುಬು ಅವಳು ಏನನ್ನೂ ಹೊರಬೇಕಾಗಿಲ್ಲವೆಂಬುದನ್ನು ಸಾರುವಂತೆ, ಇವಳ ತಗ್ಗು ತುರುಬು ಇವಳ ದುಡಿಮೆಯನ್ನು ಸಾರುತ್ತದೆ.

ಕ್ಷಾಮ ಮುಂದುವರಿದಂತೆ ಈ ತಲೆಯೂ ಬದಲಾಗಬೇಕು. ಮೊದಲು ಹೂವು ಹೋಗುತ್ತದೆ, ಅನಂತರ ಎಣ್ಣೆ, ಆಮೇಲೆ ಮೀಯಲು ನೀರು. ಕೊನೆಯಲ್ಲಿ ಕೂದಲೇ ಹೋಗಲು ತೊಡಗುತ್ತದೆ. ದೀರ್ಘಕಾಲ ಅನ್ನವಿಲ್ಲದ ದೇಹದಲ್ಲಿ ಕೂದಲು ಹೊಳಪುಗೆಟ್ಟು, ತೆಳುವಾಗಿ, ಕೆಂಚಾಗಿ, ಸುಲಭವಾಗಿ ಕಿತ್ತುಬರುವುದು ವೈದ್ಯರು ಬಲ್ಲ ಸಂಗತಿ. ಆದುದರಿಂದ ಒಂದೇ ಟೋಪನ್ ಮೂರು ಅಂಕಗಳಿಗೆ ಸಾಲದು. ಕಡೆಯ ಅಂಕಕ್ಕೆ ತೆಳುವಾದ, ಎಣ್ಣೆ ಕಾಣದ, ಕಂದುಬಣ್ಣಕ್ಕೆ ತಿರುಗಿದ ಇನ್ನೊಂದನ್ನು ಸಿದ್ಧಪಡಿಸುವುದು ಅವಶ್ಯಕ. ಹಸಿವನ್ನು ಕುರಿತ ಉದ್ದನೆಯ ಸಂಭಾಷಣೆ ಮಾಡಲಾರದ ಕೆಲಸವನ್ನು ಈ ಒಂದು ಬದಲಾವಣೆ ಮಾಡಬಲ್ಲದು.

ಮೂರನೆಯದು ವಿಧವೆಯ ಪಾತ್ರ. ಆ ಕಾಲದ ಬ್ರಾಹ್ಮಣ ಕುಟುಂಬಗಳಲ್ಲಿ ವಿಧವೆಗೆ ಕೇಶಮುಂಡನ ಮಾಡಿಸುವ ಪದ್ಧತಿ ವ್ಯಾಪಕವಾಗಿತ್ತು. ಆದರೂ ಇಲ್ಲಿ ಮೂರು ವಿವೇಚನೆಗಳು ಬೇಕು. ಒಂದು, ಇದು ಎಲ್ಲ ಜಾತಿಗಳ ಪದ್ಧತಿಯಲ್ಲ. ಅನೇಕ ಒಕ್ಕಲು ಸಮುದಾಯಗಳಲ್ಲಿ ವಿಧವೆ ಕುಂಕುಮ ಬಳೆಗಳನ್ನು ಕಳೆದುಕೊಂಡರೂ ಕೂದಲನ್ನು ಕಳೆದುಕೊಳ್ಳುತ್ತಿರಲಿಲ್ಲ. ಕೂಡಿಕೆಯ ಮೂಲಕ ಮರಳಿ ಸಂಸಾರ ಹೂಡುವುದೂ ಹಲವರಲ್ಲಿ ಇತ್ತು. ಶ್ರೀವೈಷ್ಣವರಲ್ಲಿಯೂ ತೆಂಗಲೈ ಪಂಗಡದವರು ಮುಂಡನವನ್ನು ಆಚರಿಸುತ್ತಿರಲಿಲ್ಲ. ಎರಡು, ಬಾಲವಿಧವೆಗೆ ಮುಂಡನವನ್ನು ಅನೇಕ ಮನೆಗಳಲ್ಲಿ ಅವಳು ಮೈನೆರೆಯುವವರೆಗೆ ತಡೆಯುತ್ತಿದ್ದರು. ಪಾತ್ರದ ವಯಸ್ಸನ್ನು ನಿರ್ಧರಿಸದೆ ತಲೆಯನ್ನು ನಿರ್ಧರಿಸಲಾಗದು. ಮೂರು, ಮುಂಡನ ಒಮ್ಮೆ ನಡೆದು ಮುಗಿಯುವ ಕ್ರಿಯೆಯಲ್ಲ. ಕೂದಲು ಬೆಳೆಯುತ್ತದೆ, ಕ್ಷೌರಿಕ ಮತ್ತೆ ಬರುತ್ತಾನೆ; ಅಪಮಾನ ಮರುಕಳಿಸುತ್ತದೆ. ಆದ್ದರಿಂದ ಮಡಿಯ ಸೀರೆಯ ಸೆರಗಿನ ಕೆಳಗೆ ಸದಾ ನುಣ್ಣನೆಯ ಬೋಳುತಲೆಯನ್ನಲ್ಲ, ಕೆಲವು ದೃಶ್ಯಗಳಲ್ಲಿ ಮೋಟುಗೂದಲನ್ನು ತೋರಿಸುವುದೇ ಸತ್ಯಕ್ಕೆ ಹತ್ತಿರ.

ಕನ್ನಡದಲ್ಲಿ ಈ ವಿಷಯಕ್ಕೆ ಗಂಭೀರವಾದ ಪರಂಪರೆಯುಂಟು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವೆಯ ಪುನರ್ವಿವಾಹವನ್ನು ಎತ್ತಿಕೊಂಡ ಕಾದಂಬರಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಚಿತ್ರದ ಕೊನೆಯಲ್ಲಿ ಯಮುನಕ್ಕನ ಬೋಳಾದ ತಲೆ ಸಮಾಜದ ತೀರ್ಪನ್ನು ಮಾತಿಲ್ಲದೆ ಹೇಳುತ್ತದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಿತ್ರವಾಗಿಸಿದರು. ವಿಕ್ಟೋರಿಯಾ ಕಾಲದಲ್ಲಿ ಹುಟ್ಟಿದ ಬಾಲವಿಧವೆಯೊಬ್ಬಳ ದೀರ್ಘಾಯುಷ್ಯವೇ ಅದರ ವಸ್ತು. ನಮ್ಮ ವಿನ್ಯಾಸಕಾರನು ಇವುಗಳನ್ನು ಅಭ್ಯಾಸಮಾಡುವುದು ಒಳಿತು.

ಈ ವಿವೇಚನೆಯಿಂದ ಕಾರ್ಯಕ್ರಮವೊಂದು ತಾನಾಗಿಯೇ ಒದಗುತ್ತದೆ. ಮೊದಲು ಕಥೆಯ ವರ್ಷವನ್ನು ನಿಶ್ಚಯಿಸಬೇಕು. ಎರಡನೆಯದಾಗಿ ಪಾತ್ರದ ಜಾತಿ, ವಯಸ್ಸು, ವೈವಾಹಿಕ ಸ್ಥಿತಿಗಳನ್ನು ಬರೆದುಕೊಳ್ಳಬೇಕು. ಮೂರನೆಯದಾಗಿ ಅವಳ ತಲೆ ಬಾಚುವವರು ಯಾರು, ಅವರ ಕೈಯಲ್ಲಿ ಏನಿದೆ, ಬಿಡುವು ಎಷ್ಟು ಎಂದು ಕೇಳಬೇಕು. ನಾಲ್ಕನೆಯದಾಗಿ ಅವಳು ದಿನವಿಡೀ ಮಾಡುವ ಕೆಲಸವನ್ನು ನೆನೆಯಬೇಕು. ಕೊನೆಗೆ, ಅಂಕದಿಂದ ಅಂಕಕ್ಕೆ ಆಗುವ ಬದಲಾವಣೆಯನ್ನು ಗುರುತಿಸಬೇಕು. ಅಭ್ಯಾಸದ ಮೊದಲ ವಾರದಿಂದಲೇ ನಟಿಯು ಆ ಕೇಶರಚನೆಯನ್ನು ಧರಿಸಿ ನಡೆದಾಡುವುದು ಅಗತ್ಯ. ಏಕೆಂದರೆ ಹಿಂದಲೆಯ ಭಾರ ಕತ್ತಿನ ನಿಲುವನ್ನೂ ನಡಿಗೆಯನ್ನೂ ಬದಲಿಸುತ್ತದೆ. ವಿಧವೆಯ ಪಾತ್ರಕ್ಕೆ ತೆಳುವಾದ ರಬ್ಬರಿನ ಬೋಳುಟೋಪಿ ಸಾಕು. ಅದರ ಅಂಚನ್ನು ಸೆರಗು ಮುಚ್ಚುತ್ತದೆ. ಬಲವಂತವಾಗಿ ಕೂದಲು ತೆಗೆಸಿದುದನ್ನು ಖಂಡಿಸುವ ನಾಟಕಕ್ಕಾಗಿ ನಟಿಯೊಬ್ಬಳನ್ನು ತಲೆ ಬೋಳಿಸಿಕೊಳ್ಳುವಂತೆ ಒತ್ತಾಯಿಸುವುದು ಸರ್ವಥಾ ಸಲ್ಲದು.

ಮೂವರು ಸ್ತ್ರೀಯರು ಒಂದೇ ರಂಗದ ಮೇಲೆ ನಿಂತಾಗ ಪ್ರೇಕ್ಷಕನ ಕಣ್ಣಿಗೆ ಬೀಳುವುದು ಇಷ್ಟು: ಒಬ್ಬಳ ತಲೆಯಲ್ಲಿ ಪರರ ಕೂದಲಿದೆ, ಒಬ್ಬಳ ಕೂದಲನ್ನು ಹಸಿವು ತಿನ್ನುತ್ತಿದೆ, ಇನ್ನೊಬ್ಬಳದನ್ನು ಅವಳ ಮನೆಯವರೇ ತೆಗೆಸಿದ್ದಾರೆ. 1877ರ ಚರಿತ್ರೆಯ ಬಹುಭಾಗ ಈ ಮೂರು ತಲೆಗಳಲ್ಲಿ ಅಡಗಿದೆ. ಕಾಲೇಜು ರಂಗಭೂಮಿಯಲ್ಲಿ ದುಡಿಯುವ ವಿದ್ಯಾರ್ಥಿಗಳು ಅದನ್ನು ಕನ್ನಡಿಯ ಮುಂದೆ ಕೂರುವ ಮೊದಲೇ ಅರಿತುಕೊಂಡರೆ, ಅವರ ಶ್ರಮ ಸಾರ್ಥಕವಾದೀತು.