ಏಷ್ಯಾಟಿಕ್ ಅಥವಾ ಏಷ್ಯನ್?

ಹೊಳಲ್ಕೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ಬರೆದ ಕಾಗದವು ನಮ್ಮ ಮುಂದಿದೆ. ಅವರ ಮೊಮ್ಮಗಳು ವಿದೇಶದ ವಿದ್ಯಾಪೀಠವೊಂದಕ್ಕೆ ಅರ್ಜಿ ಬರೆಯುವಾಗ ತನ್ನನ್ನು ‘ಏಷ್ಯನ್’ ಎಂದು ವರ್ಣಿಸಿಕೊಂಡಿದ್ದಳಂತೆ. ತಾವು ಕಲಿತ ಇಂಗ್ಲಿಷಿಗೆ ಅನುಸಾರವಾಗಿ ಅಜ್ಜನವರು ಅದನ್ನು ಹೊಡೆದು ‘ಏಷ್ಯಾಟಿಕ್’ ಎಂದು ತಿದ್ದಿದರಂತೆ. ಆಕೆ ಅದನ್ನೂ ಹೊಡೆದು, “ತಾತಾ, ಅದು ಈಗ ಬೈಗುಳದ ಮಾತು” ಎಂದಳಂತೆ. “ಮೂವತ್ತು ವರ್ಷ ಪಾಠ ಹೇಳಿದ ಶಬ್ದವು ಬೈಗುಳವಾದದ್ದು ಎಂದಿನಿಂದ? ನೀವೇ ತೀರ್ಪು ಹೇಳಿರಿ” ಎಂದು ಅವರು ನಮ್ಮನ್ನು ಕೇಳಿದ್ದಾರೆ.

ನಮ್ಮ ತೀರ್ಪು ಮೊಮ್ಮಗಳ ಕಡೆಗೆ. ಆದರೆ ಅಜ್ಜನವರದು ಅಜ್ಞಾನವೆಂದು ಯಾರೂ ಎಣಿಸಕೂಡದು. ವ್ಯಾಕರಣದಲ್ಲಿ ಎರಡು ರೂಪಗಳೂ ಶುದ್ಧವಾದವು. ಎರಡೂ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಂದ ಇಳಿದುಬಂದವು. ದೋಷವಿರುವುದು ಪ್ರತ್ಯಯದಲ್ಲಲ್ಲ, ಚರಿತ್ರೆಯಲ್ಲಿ.

ಮೊದಲು ‘ಏಷ್ಯಾ’ ಎಂಬ ಹೆಸರನ್ನೇ ವಿಚಾರಿಸೋಣ. ಇದು ಈ ಖಂಡದವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಗ್ರೀಕರು ತಮ್ಮ ಸಮುದ್ರದ ಪೂರ್ವದಲ್ಲಿದ್ದ ನೆಲವನ್ನು ಹಾಗೆ ಕರೆದರು. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ರೋಮನರು ಇಂದಿನ ತುರ್ಕಿಯ ಪಶ್ಚಿಮಭಾಗವನ್ನು ತಮ್ಮ ‘ಏಷ್ಯಾ’ ಪ್ರಾಂತವನ್ನಾಗಿ ಮಾಡಿದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ. ಆ ನಾಣ್ಯಗಳನ್ನು ಅಚ್ಚುಹಾಕಿಸಿದವರ ಲೆಕ್ಕದಲ್ಲಿ ಏಷ್ಯಾ ಎಂಬುದು ಕಪ್ಪ ಕೊಡುವ ಒಂದು ಪ್ರಾಂತವಾಗಿತ್ತೇ ಹೊರತು ನಮ್ಮ ವೇದಾವತಿಯ ತೀರವನ್ನು ಒಳಗೊಂಡ ಮಹಾಖಂಡವಾಗಿರಲಿಲ್ಲ.

ನಮ್ಮವರಿಗೆ ಬೇರೊಂದು ಹೆಸರಿತ್ತು. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ‘ಜಂಬೂದ್ವೀಪ’ದ ಮಾತು ಬಂದಿದೆ. ಪೂಜೆಯ ಸಂಕಲ್ಪದಲ್ಲಿ ನಾವು ಇಂದಿಗೂ ಉಚ್ಚರಿಸುವ ಹೆಸರು ಅದೇ. ಜಂಬೂದ್ವೀಪವೂ ಇಂದಿನ ಏಷ್ಯಾವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಆ ಬಂಡೆಯ ಮೇಲೆ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ಉದ್ಯೋಗದ ಹೆಸರನ್ನು ಮಾತ್ರ ಗಾಂಧಾರ ದೇಶದ ಖರೋಷ್ಠೀ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖಂಡದ ಜನರು ಒಬ್ಬರನ್ನೊಬ್ಬರು ಅರಿತದ್ದು ಪರರು ಇಟ್ಟ ಹೆಸರಿನಿಂದಲ್ಲವೆಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯವು ನಮ್ಮ ಓದುಗರಿಗೆ ಬೇಕಿಲ್ಲ.

ಇನ್ನು ವಿಶೇಷಣದ ವಿಷಯ. 1784ರಲ್ಲಿ ಸರ್ ವಿಲಿಯಂ ಜೋನ್ಸರು ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದಾಗ ಆ ಶಬ್ದದಲ್ಲಿ ಕೀಳುಭಾವವಿರಲಿಲ್ಲ. ಅಶೋಕನ ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಓದಿದ ಜೇಮ್ಸ್ ಪ್ರಿನ್ಸೆಪರು ಆ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದರು. ಬ್ರಹ್ಮಗಿರಿಯ ಶಾಸನವನ್ನು ಓದಲು ಕೀಲಿಕೈ ಬಂದದ್ದು ಅಲ್ಲಿಂದಲೇ. ಆದರೆ ಪಂಡಿತರ ಕೈಯಲ್ಲಿ ಗೌರವದಿಂದಿದ್ದ ಶಬ್ದವು ಅಧಿಕಾರಿಗಳ ಕೈಗೆ ಬಂದಾಗ ಬೇರೆಯಾಯಿತು. ವಿಷೂಚಿಯು ‘ಏಷ್ಯಾಟಿಕ್ ಕಾಲರಾ’ ಎನಿಸಿಕೊಂಡಿತು. 1906ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಸರ್ಕಾರವು ಹೊರಡಿಸಿದ ಆಜ್ಞೆಯ ಹೆಸರಿನಲ್ಲಿಯೇ ‘ಏಷ್ಯಾಟಿಕ್’ ಎಂಬ ಶಬ್ದವಿತ್ತು. ಎಂಟು ವರ್ಷದ ಮಕ್ಕಳೂ ಮೊದಲ್ಗೊಂಡು ಭಾರತೀಯರೆಲ್ಲರೂ ದಾಖಲೆ ಮಾಡಿಸಿಕೊಂಡು, ಬೆರಳಿನ ಗುರುತು ಒತ್ತಿ, ಕೇಳಿದಾಗ ರಹದಾರಿ ತೋರಿಸಬೇಕೆಂಬುದೇ ಅದರ ಸಾರ. ಆ ವರ್ಷ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗಿನಲ್ಲಿ ಗಾಂಧಿಯವರ ಸಮಕ್ಷಮದಲ್ಲಿ ಜನರು ಅದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆಮಾಡಿದರು. ಸತ್ಯಾಗ್ರಹದ ಜನ್ಮವು ಅಲ್ಲಿ. 1917ರಲ್ಲಿ ಅಮೆರಿಕವು ಭಾರತವನ್ನೂ ಸೇರಿಸಿ ವಿಸ್ತಾರವಾದ ಭೂಭಾಗದ ಜನರಿಗೆ ಬಾಗಿಲು ಮುಚ್ಚಿದಾಗ ಆ ಭಾಗಕ್ಕೆ ಬಂದ ಹೆಸರು ‘ಏಷ್ಯಾಟಿಕ್ ನಿಷೇಧವಲಯ’. ಇಷ್ಟಾದ ಮೇಲೆ ಶಬ್ದಕ್ಕೆ ಮೈಲಿಗೆಯಾಗದೆ ಉಳಿಯುವುದೆಂತು?

ಸ್ವತಂತ್ರವಾಗುತ್ತಿದ್ದ ದೇಶಗಳು ಬೇರೊಂದು ರೂಪವನ್ನು ಕೈಕೊಂಡವು. 1947ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಸೇರಿದ್ದು ‘ಏಷ್ಯನ್’ ಬಾಂಧವ್ಯ ಸಮ್ಮೇಳನ. 1951ರಲ್ಲಿ ಅದೇ ನಗರದಲ್ಲಿ ಮೊದಲ ಬಾರಿಗೆ ನಡೆದದ್ದು ‘ಏಷ್ಯನ್’ ಕ್ರೀಡೆಗಳು. ಆದುದರಿಂದ ನಿಯಮವು ಸುಲಭವಾದದ್ದು. ಮನುಷ್ಯರನ್ನು ಹೇಳುವಾಗ ‘ಏಷ್ಯನ್’ ಎಂದೇ ಬರೆಯತಕ್ಕದ್ದು. ‘ಏಷ್ಯಾಟಿಕ್’ ಎಂಬುದನ್ನು ಹಳೆಯ ಸಂಸ್ಥೆಗಳ ಹೆಸರಿಗೂ, ಗಿರ್ ಅರಣ್ಯದ ಸಿಂಹದಂತಹ ಪ್ರಾಣಿಗಳಿಗೂ ಬಿಟ್ಟುಕೊಡತಕ್ಕದ್ದು. ಸಿಂಹವು ಅದರಿಂದ ನೊಂದುಕೊಳ್ಳುವುದಿಲ್ಲ.

ಆದರೆ ‘ಏಷ್ಯನ್’ ಎಂದ ಮಾತ್ರಕ್ಕೆ ಅರ್ಥವು ಸ್ಪಷ್ಟವಾಗುವುದೂ ಇಲ್ಲ. ಇಂಗ್ಲೆಂಡಿನ ಬೀದಿಯಲ್ಲಿ ಅದು ಸಾಮಾನ್ಯವಾಗಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಮೂಲದವರನ್ನು ಸೂಚಿಸುತ್ತದೆ. 1972ರಲ್ಲಿ ಈದಿ ಅಮೀನನು ಉಗಾಂಡದಿಂದ ಹೊರಡಿಸಿದ ‘ಏಷ್ಯನ್ನರು’ ಬಹುಮಟ್ಟಿಗೆ ಗುಜರಾತಿಗಳೂ ಪಂಜಾಬಿಗಳೂ ಆಗಿದ್ದರು. ಅಮೆರಿಕದ ಸಾಮಾನ್ಯ ಜನರ ಬಾಯಲ್ಲಾದರೋ ಅದೇ ಶಬ್ದಕ್ಕೆ ಮೊದಲು ತೋರುವವರು ಚೀನೀಯರು, ಜಪಾನೀಯರು, ಕೊರಿಯದವರು. ಆದಕಾರಣ ನಮ್ಮ ಹೊಳಲ್ಕೆರೆಯ ಕನ್ಯೆಯು ‘ಭಾರತೀಯಳು’ ಎಂದು ಬರೆಯುವುದೇ ಉತ್ತಮ. ಖಂಡವನ್ನೇ ಹೇಳಬೇಕಾದಲ್ಲಿ ‘ದಕ್ಷಿಣ ಏಷ್ಯಾದವಳು’ ಎನ್ನುವುದು ಅದರ ನಂತರದ್ದು. ಹೀಗೆಯೇ ‘ಮಧ್ಯಪ್ರಾಚ್ಯ’ವೆಂಬ ಮಾತನ್ನೂ ನಮ್ಮವರು ಕಣ್ಣುಮುಚ್ಚಿ ಬಳಸುತ್ತಾರೆ. ಅರಬ್ಬೀ ದೇಶಗಳು ಲಂಡನ್ನಿಗೆ ಪೂರ್ವವಾಗಿರಬಹುದು. ಚಿತ್ರದುರ್ಗದ ಕೋಟೆಯ ಮೇಲೆ ನಿಂತವನಿಗೆ ಅವು ಪಶ್ಚಿಮವೇ. ‘ಪಶ್ಚಿಮ ಏಷ್ಯಾ’ ಎಂಬುದೇ ನಮಗೆ ಸಾಧುವಾದ ಪ್ರಯೋಗ.

ಪರರ ತಪ್ಪನ್ನು ಎಣಿಸಿದ ಮೇಲೆ ನಮ್ಮದನ್ನೂ ಹೇಳಿಕೊಳ್ಳಬೇಡವೇ? ಚನ್ನಗಿರಿಯ ಸೂಳೆಕೆರೆಯನ್ನು ‘ಏಷ್ಯಾದ ಎರಡನೆಯ ದೊಡ್ಡ ಕೆರೆ’ ಎಂದು ಹೊಗಳುವ ಮಾತು ನಮ್ಮ ಸುತ್ತಿನಲ್ಲಿ ಪ್ರಸಿದ್ಧವಾಗಿದೆ. ಚೀನದ, ಸಿಂಹಳದ ಜಲಾಶಯಗಳನ್ನು ಅಳೆದು ನೋಡಿ ಈ ಮಾತನ್ನು ಆಡಿದವರು ಎಷ್ಟು ಮಂದಿ? ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟು 1907ರಲ್ಲಿ ಪೂರ್ತಿಯಾಯಿತು. ಅದರ ನೀರು ಹೊಸದುರ್ಗ ತಾಲ್ಲೂಕಿನೊಳಗೆ ಹಿಂದೆ ಸರಿದು ನಿಲ್ಲುತ್ತದೆ. ಕೆಳಗೆ ಹಿರಿಯೂರಿನ ತೋಟಗಳು ಬದುಕಿವೆ. ಇಷ್ಟು ಸತ್ಯವು ಅದಕ್ಕೆ ಸಾಕಾದ ಭೂಷಣವಾಗಿರಲು ‘ಏಷ್ಯಾದಲ್ಲಿಯೇ’ ಎಂಬ ತುರಾಯಿ ಏತಕ್ಕೆ? ಕಾಣದ ಖಂಡವನ್ನು ಒಡವೆಯಂತೆ ತೊಡುವುದೂ ಆ ಹೆಸರಿಗೆ ಮಾಡುವ ಒಂದು ಬಗೆಯ ಅಪಚಾರವೇ.

ಕನ್ನಡದಲ್ಲಿ ಬರೆಯುವವರಿಗೆ ಈ ಜಗಳವೇ ಇಲ್ಲ. ನಮ್ಮ ಷಷ್ಠೀ ವಿಭಕ್ತಿಯು ‘ಏಷ್ಯಾದ’ ಎಂಬಷ್ಟರಲ್ಲಿ ಕೆಲಸವನ್ನು ಮುಗಿಸುತ್ತದೆ. ‘ಏಷ್ಯಾದವರು’ ಎಂದರೆ ಯಾರಿಗೂ ನೋವಿಲ್ಲ. ಇಂಗ್ಲಿಷಿನಲ್ಲಿ ಬರೆಯುವ ಅಧಿಕಾರಿಗಳೂ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು: ನಮ್ಮ ಹಿರಿಯರ ಬೆರಳು ಒತ್ತಿಸಿಕೊಂಡ ಶಬ್ದವನ್ನು ನಾವೇ ನಮ್ಮ ಕೈಯಾರೆ ಬರೆದುಕೊಳ್ಳಬೇಕಾದ ಅವಶ್ಯಕತೆಯಿಲ್ಲ. ಉಪಾಧ್ಯಾಯ ಮಹಾಶಯರು ಮೊಮ್ಮಗಳ ತಿದ್ದುಪಡಿಯನ್ನು ಒಪ್ಪಿ, ಅರ್ಜಿಯನ್ನು ಬೇಗನೆ ಅಂಚೆಗೆ ಹಾಕಿಸಲಿ.